ಪದಚರ್ಚೆ: ಟ್ರೈಲರ್ ಮೇಲೆ ದೋಣಿ ಕೂರುವ ಹಲಗೆಗೆ ಏನನ್ನೋಣ?

ಗೆಳೆಯರೇ,

ಸಣ್ಣ ಮೋಟಾರು ದೋಣಿಯನ್ನು ಟ್ರೈಲರ್ ಮೇಲೆ ಸರಿಯಾಗಿ ಕೂರಿಸುವುದು ಹೇಗೆ ಅನ್ನುವ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಟ್ರೈಲರ್, ರೋಲರ್ (ದೋಣಿ ಉರುಳಿಕೊಂಡು ಹತ್ತುವ ಉರುಳೆ), ವಿಂಚ್ (ಹಗ್ಗ ಸುತ್ತಿ ದೋಣಿಯನ್ನು ಮೇಲೆಳೆಯುವ ರಾಟೆ) ಹಾಗೇ ಇರಲಿ, ಅವನ್ನು ಕನ್ನಡ ಮಾಡಲು ಹೋಗಿ ಸುಮ್ನೆ ಗೊಂದಲ ಯಾಕೆ? ಸಿಕ್ಕಿಕೊಂಡಿರುವುದು ‘ಬಂಕ್’ ಹತ್ತಿರ.

ಟ್ರೈಲರ್ ಉದ್ದಕ್ಕೂ ಎಡಕ್ಕೊಂದು ಬಲಕ್ಕೊಂದು ಜೋಡಿಸಿದ ಮರದ ಪಟ್ಟಿ ಇದು. ಮೇಲೆ ಕಾರ್ಪೆಟ್ ಸುತ್ತಿರುತ್ತಾರೆ. ದೋಣಿಯ ಹೊಟ್ಟೆ ಇದರ ಮೇಲೆ ಕೂರುತ್ತದೆ. ಬಂಕ್ ಅಂತಲೇ ಬರೆದರೆ ಓದುವವರಿಗೆ ಮೊದಲು ನೆನಪಾಗುವುದು ಪೆಟ್ರೋಲ್ ಬಂಕ್, ಆಮೇಲೆ ಕ್ಲಾಸಿಗೆ ಚಕ್ಕರ್ ಹೊಡೆಯುವುದು. ‘ಆಧಾರ’ ಅನ್ನಬಹುದು, ಆದರೆ ಅದು ತೀರಾ ಸಡಿಲ. ರೋಲರೂ ಆಧಾರವೇ, ಕೆಳಗೆ ಕೊಟ್ಟ ಇಟ್ಟಿಗೆಯೂ ಆಧಾರವೇ.

ರೋಲರ್, ಬಂಕ್ ಎರಡರ ಕೆಲಸ ಬೇರೆ ಬೇರೆ. ನೀರಿನಲ್ಲಿದ್ದಾಗ ದೋಣಿಯ ಭಾರ ಇಡೀ ಅಡಿಗೆ ಹಂಚಿಹೋಗುತ್ತದೆ. ಟ್ರೈಲರ್ ಮೇಲೆ ಅದೆಲ್ಲ ತಾಗಿದ ಜಾಗದ ಮೇಲೆ ಮಾತ್ರ ಬೀಳುತ್ತದೆ. ರೋಲರ್ ತಾಗುವುದು ಒಂದು ಚೂರಿಗೆ, ಹಲಗೆ ಉದ್ದಕ್ಕೂ ತಾಗುತ್ತದೆ. ಅದೂ ದೋಣಿಯೊಳಗೆ ಉದ್ದುದ್ದ ಪಟ್ಟಿ ಕೊಟ್ಟು ಗಟ್ಟಿ ಮಾಡಿರುವ ಕಡೆ, ಅದರ ನೇರ ಕೆಳಗೆ ಬರಬೇಕು. ಹಾಗಾಗಿ ನನ್ನ ಒಲವು ‘ಆನುಹಲಗೆ’ ಕಡೆಗೆ, ಅಂದರೆ ದೋಣಿ ಆನಿಕೊಳ್ಳುವ ಹಲಗೆ. ‘ಒತ್ತುಹಲಗೆ’ ಕೂಡ ಹೊಳೆಯಿತು. ಆದರೆ ಒಂದೇ ಕಡೆ ಒತ್ತಬಾರದು ಅಂತಲೇ ಅಲ್ವಾ ಇಷ್ಟೆಲ್ಲ ಮಾಡುವುದು? ನಿಮಗೇನನ್ನಿಸುತ್ತದೆ?

ಇದಕ್ಕೆ ಅಂಟಿಕೊಂಡ ಇನ್ನೊಂದು ಪದವೂ ಬೇಕು. ಮೋಟಾರು ತೂಗಿಕೊಂಡಿರುವ ಹಿಂಬದಿಯ ನೆಟ್ಟಗಿನ ಭಾಗಕ್ಕೆ ‘ಹಿಂಗೋಡೆ’ ಅಂದಿದ್ದೇನೆ. ಆನುಹಲಗೆ ಈ ಹಿಂಗೋಡೆಯವರೆಗೂ ಬರಬೇಕು, ಬೇಕಿದ್ದರೆ ಒಂಚೂರು ಆಚೆ ಚಾಚಿರಲಿ. ಗೇಣುದ್ದ ಮೊದಲೇ ನಿಂತರೆ ಮೋಟಾರಿನ ಭಾರಕ್ಕೆ ಅಡಿ ನಿಧಾನವಾಗಿ ಕೆಳಕ್ಕೆ ಬಗ್ಗುತ್ತದೆ. ಉದ್ದನೆಯ ನೇರಪಟ್ಟಿಯನ್ನು ಅಡಿಗೆ ಹಿಡಿದರೆ ನಡುವೆ ಸಂದು ಕಾಣುತ್ತದೆ. ಅಂಥ ದೋಣಿ ಜೋರಾಗಿ ಹೋಗುವಾಗ ಮೂತಿ ತಗ್ಗಿಸುತ್ತದೆ, ವೇಗವೂ ಕಡಿಮೆಯಾಗುತ್ತದೆ. ಅಡಿ ಹೀಗೆ ಬಗ್ಗುವುದಕ್ಕೆ ಇಂಗ್ಲಿಷಿನವರು ‘ಹುಕ್’ ಅನ್ನುತ್ತಾರೆ. ಕೊಕ್ಕೆ ಅಂತ ಬರೆದರೆ ಹಗ್ಗ ಸಿಕ್ಕಿಸುವ ಕೊಕ್ಕೆ ಅಂದುಕೊಳ್ಳುತ್ತಾರೆ. ‘ಜೋಲು’ ಆಗಬಹುದಾ? ‘ಅಡಿ ಜೋಲು ಬಿದ್ದಿದೆ’ ಅಂದರೆ ಯಾರಿಗಾದರೂ ತಿಳಿಯುತ್ತದೆ.

ದೋಣಿಯ ಅಡಿಯಲ್ಲಿ ನಟ್ಟನಡುವೆ ಉದ್ದಕ್ಕೂ ಹೋಗುವ ದಿಂಡು, ‘ಕೀಲ್’, ಇನ್ನೊಂದು ತಲೆನೋವು. ಕನ್ನಡದಲ್ಲಿ ಬರೆದ ಕೂಡಲೇ ಅದು ಬಾಗಿಲಿನ ಕೀಲೋ ಮಂಡಿಯ ಕೀಲೋ ಆಗಿಬಿಡುತ್ತದೆ. ಸದ್ಯಕ್ಕೆ ‘ನಡುದಿಂಡು’ ಅಂತ ಹಾಕಿದ್ದೇನೆ. ಕರಾವಳಿಯ ದೋಣಿ ಕಟ್ಟುವವರ ಬಾಯಲ್ಲಿ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ, ನನ್ನದನ್ನು ಖುಷಿಯಿಂದ ಹೊಡೆದುಹಾಕುತ್ತೇನೆ.

ಒಂದು ಪದದ ಬಗ್ಗೆ ಮಾತ್ರ ನನಗೆ ಅನುಮಾನವೇ ಇಲ್ಲ. ‘ಟಂಗ್ ವೇಟ್’ ಅನ್ನು ಯಾರೋ ‘ನಾಲಿಗೆ ತೂಕ’ ಮಾಡಿದ್ದು ನೋಡಿ ನಗು ಬಂತು. ಎತ್ತಿನ ಗಾಡಿಯವರು ಎಂದಿನಿಂದಲೂ ಹೇಳುವ ‘ಮುಂಭಾರ’ವೇ ಇದು. ದೋಣಿ, ಮೋಟಾರು, ಟ್ರೈಲರ್ ಎಲ್ಲ ಸೇರಿದ ತೂಕದಲ್ಲಿ ಸಾಮಾನ್ಯವಾಗಿ ಶೇ 5ರಿಂದ 10ರಷ್ಟು, ಟ್ರೈಲರನ್ನು ಎಳೆಯುವ ವಾಹನಕ್ಕೆ ಸಿಕ್ಕಿಸುವ ಕೊಂಡಿಯ ಮೇಲೆ ಬರಬೇಕು. 600 ಕೆ.ಜಿ. ಇದ್ದರೆ 30ರಿಂದ 60 ಕೆ.ಜಿ. ಹಿಂಭಾರವಾದರೆ ರಸ್ತೆಯಲ್ಲಿ ಟ್ರೈಲರ್ ಬಾಲ ಆಡಿಸಲು ಶುರು ಮಾಡುತ್ತದೆ. ಆಗ ದೋಣಿಯ ಮೂತಿ ತಾಗಿ ನಿಲ್ಲುವ ವಿಂಚ್ ಕಂಬವನ್ನು ಮುಂದಕ್ಕೆ ಸರಿಸಿದರೆ ದೋಣಿಯೂ ಮುಂದೆ ಬಂದು ಮುಂಭಾರ ಜಾಸ್ತಿಯಾಗುತ್ತದೆ. ಆದರೆ ಸರಿಸಿದ ಮೇಲೆ ಹಿಂಗೋಡೆ ಆನುಹಲಗೆಯ ತುದಿಗೇ ಇದೆಯಾ ಅಂತ ಮತ್ತೆ ನೋಡಬೇಕು. ದೋಣಿ ಸರಿಸಲು ಜಾಗವೇ ಇಲ್ಲದಿದ್ದರೆ ಚಕ್ರದ ಅಚ್ಚನ್ನೇ ಹಿಂದಕ್ಕೆ ಸರಿಸುತ್ತಾರೆ.

ಕೊನೆಗೆ ಒಂದು ಕ್ರಿಯಾಪದ. ಹಿಂಗೋಡೆಯ ಎರಡು ಮೂಲೆಗೆ ಪಟ್ಟಿ ಹಾಕಿ ಟ್ರೈಲರಿಗೆ ಎಳೆದು ಕಟ್ಟುತ್ತಾರಲ್ಲ, ಅದಕ್ಕೆ ‘ಬಿಗಿ’ ಸಾಕೋ ‘ಬಿಗಿದು ಕಟ್ಟು’ ಅನ್ನಬೇಕೋ? ಬೋಲ್ಟಿಗೂ ಬಿಗಿ ಅಂತಲೇ ಬರೆದಿದ್ದೇನೆ, ಒಂದೇ ಪುಟದಲ್ಲಿ ಎರಡೂ ಬರುತ್ತವೆ.