ಪದಚರ್ಚೆ: ‘ಟ್ರಾಮಾ’, ‘ಸರ್ವೈವರ್’, ‘ಟ್ರಿಗರ್’ – ಪ್ರೇಮಕಾದಂಬರಿಗೆ ಒಗ್ಗುವ ಕನ್ನಡ ಯಾವುದು?

ಪ್ರಶ್ನೆ, ಮೈಸೂರಿನಿಂದ:

ನಮಸ್ಕಾರ. ‘ಡಾರ್ಕ್ ರೊಮ್ಯಾಂಟಿಕ್ ಸಸ್ಪೆನ್ಸ್’ ಬಗೆಯ ಇಂಗ್ಲಿಷ್ ಕಾದಂಬರಿಯೊಂದನ್ನು ಮದ್ದೂರು, ಮಂಡ್ಯದ ಸುತ್ತಮುತ್ತಲಿಗೆ ಒಗ್ಗಿಸಿ ಕನ್ನಡಕ್ಕೆ ತರುವ ಕೆಲಸ ನಡೆದಿದೆ. ಅಪಹರಣದಿಂದ ತಪ್ಪಿಸಿಕೊಂಡು ಬಂದ ಹೆಣ್ಣು, ಯುದ್ಧ ಕಂಡು ಸೇನೆ ಬಿಟ್ಟ ಗಂಡು, ಇಬ್ಬರ ನಡುವೆ ಹುಟ್ಟುವ ಪ್ರೀತಿ, ಬೆನ್ನು ಬಿಡದ ಹಳೆಯ ಶತ್ರು. ಕರಡಿನಲ್ಲಿ ಟ್ರಾಮಾಗೆ ಆಘಾತ, ಸರ್ವೈವರ್‌ಗೆ ಸಂತ್ರಸ್ತೆ, ಟ್ರಿಗರ್‌ಗೆ ಪ್ರಚೋದಕ, ಫ್ಲ್ಯಾಶ್‌ಬ್ಯಾಕ್‌ಗೆ ಹಿನ್ನೋಟ, ಕನ್ಸೆಂಟ್‌ಗೆ ಸಮ್ಮತಿ ಎಂದು ಹಾಕಿದೆ. ಓದಿದರೆ ಎಫ್‌ಐಆರ್ ಓದಿದ ಹಾಗಾಗುತ್ತದೆ. ಯಾವ ಪದ ಎಲ್ಲಿ ಎಡವಿದೆ? ಬದಲಿಗೆ ಏನು ಬಳಸಬಹುದು? ಮಂಡ್ಯ ಕಡೆಯ ಆಡುಮಾತೂ ಬೇಕು.

ಉತ್ತರ, ಮಂಡ್ಯದಿಂದ:

ಮೊದಲು ತೆಗೆಯಬೇಕಾದ್ದು ‘ಪ್ರಚೋದಕ’. ಟ್ರಿಗರ್ ಎಂದರೆ ಹಳೆಯ ನೋವನ್ನು ಮತ್ತೆ ಎಬ್ಬಿಸುವ ವಾಸನೆ, ಸದ್ದು, ನೋಟ ಇಂಥದ್ದು. ಕನ್ನಡದಲ್ಲಿ ಪ್ರಚೋದನೆ ಎಂದರೆ ಒಂದೋ ಗಲಭೆಗೆ ಎತ್ತಿಕಟ್ಟುವುದು, ಇಲ್ಲವೇ ಕಾಮ ಕೆರಳಿಸುವುದು. ಪ್ರೇಮಕಾದಂಬರಿಯ ಮೊದಲ ಪುಟದಲ್ಲಿ ‘ಪ್ರಚೋದಕ ಅಂಶಗಳಿವೆ’ ಎಂದು ಅಚ್ಚಾದರೆ ಓದುಗರು ಎರಡನೆಯ ಅರ್ಥವನ್ನೇ ಹಿಡಿಯುತ್ತಾರೆ. ಎಚ್ಚರಿಕೆ ಹೋಗಿ ಆಮಿಷವಾಗುತ್ತದೆ. ಇಲ್ಲಿ ಬೇಕಾದ್ದು ‘ಕೆದಕು’. ಕೆಂಡ ಕೆದಕುತ್ತೇವೆ, ಗಾಯ ಕೆದಕುತ್ತೇವೆ. ಒಳಗೆ ಇನ್ನೂ ಬಿಸಿ ಇದೆ ಎಂಬುದು ಆ ಕ್ರಿಯಾಪದದಲ್ಲೇ ಇದೆ. ನಾಯಕಿಯನ್ನು ಆಲೆಮನೆಯ ಪಕ್ಕದ ಶೆಡ್ಡಿನಲ್ಲಿ ಕೂಡಿಹಾಕಿದ್ದರು ಎನ್ನೋಣ. ಆಗ ಕುದಿಯುವ ಪಾಕದ ವಾಸನೆಯೇ ಅವಳನ್ನು ಕೆದಕುತ್ತದೆ. ಮಂಡ್ಯದಲ್ಲಿ ಎಲ್ಲರಿಗೂ ಹಿತವಾದ ವಾಸನೆ ಅವಳೊಬ್ಬಳಿಗೆ ವಿಷ. ಇದನ್ನು ಬರೆದಮೇಲೆ ಆ ನಾಮಪದದ ಅಗತ್ಯವೇ ಬೀಳುವುದಿಲ್ಲ. ಮೊದಲ ಪುಟದ ಎಚ್ಚರಿಕೆಯಲ್ಲಿ ‘ಈ ಕಾದಂಬರಿಯಲ್ಲಿ ಅಪಹರಣ, ಸೆರೆ, ಹೊಡೆತದ ದೃಶ್ಯಗಳಿವೆ’ ಎಂದು ಇದ್ದದ್ದನ್ನು ಇದ್ದಂತೆ ಹೇಳಿ. ಯಾವುದಕ್ಕೆ ಅಂಜಬೇಕೋ ಅದರ ಹೆಸರು ಗೊತ್ತಾದರೆ ತಾನೇ ಓದುಗರು ನಿರ್ಧರಿಸಬಹುದು.

‘ಸಂತ್ರಸ್ತೆ’ಯ ತೊಂದರೆ ಬೇರೆ. ತ್ರಸ್ತ ಎಂದರೆ ಹೆದರಿದ. ಸಂತ್ರಸ್ತೆ ಎಂದರೆ ಪೂರಾ ಹೆದರಿಹೋದವಳು. ನೆರೆ ಸಂತ್ರಸ್ತರಿಗೂ ಅದೇ ಪದ. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಯಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಲ್ಲಿ ಅಪರಾಧ. ಹಾಗಾಗಿ ಪತ್ರಿಕೆಗಳಲ್ಲಿ ಈ ಪದ ಹೆಸರಿನ ಜಾಗದಲ್ಲಿ ಕೂತಿದೆ, ಅಲ್ಲಿ ಅದು ಕೂರಲೇಬೇಕು. ಕಾದಂಬರಿಯಲ್ಲಿ ಅವಳಿಗೆ ಹೆಸರಿದೆ. ಹೆಸರಿದ್ದವಳನ್ನು ನಿರೂಪಕ ಮತ್ತೆ ಮತ್ತೆ ‘ಸಂತ್ರಸ್ತೆ’ ಎಂದರೆ ಅವಳನ್ನು ಹಳೆಯ ಘಟನೆಯೊಳಗೇ ಬಂಧಿಸಿಟ್ಟಂತೆ. ಪೊಲೀಸ್ ಅಧಿಕಾರಿಯ ಬಾಯಲ್ಲಿ, ವರದಿಯಲ್ಲಿ ಮಾತ್ರ ಇರಲಿ.

‘ಬದುಕುಳಿದವಳು’ ಚೆನ್ನಾಗಿದೆ, ಆದರೆ ಅದರಲ್ಲಿ ಸಾವಿನ ಲೆಕ್ಕವಿದೆ: ಬಸ್ ಉರುಳಿತು, ಇಬ್ಬರು ಬದುಕುಳಿದರು ಎನ್ನುತ್ತೇವೆ. ಅಪಹರಣದ ಕಥೆಗೆ ಒಗ್ಗುತ್ತದೆ. ವರ್ಷಗಟ್ಟಲೆ ಮನೆಯೊಳಗೇ ಹಿಂಸೆ ಉಂಡವಳಿಗೆ ಒಗ್ಗುವುದಿಲ್ಲ. ಅಲ್ಲಿ ‘ನೊಂದವಳು’ ಸರಿ. ‘ನೊಂದವರ ನೋವ ನೋಯದವರೆತ್ತ ಬಲ್ಲರು’ ಎಂಬ ಅಕ್ಕಮಹಾದೇವಿಯ ಮಾತಿನಿಂದ ಇಂದಿನವರೆಗೆ, ಆ ಪದ ಅವಳನ್ನು ಕುಗ್ಗಿಸಿಲ್ಲ. ನಮ್ಮ ಕಡೆ ಹೆಂಗಸರು ಹೇಳುವುದು ‘ಹೆಂಗೋ ಉಳ್ಕಂಡ್ಳು’ ಎಂದು. ಅಜ್ಜಿಯ ಪಾತ್ರಕ್ಕೆ ಇದೊಂದೇ ಮಾತು ಸಾಕು.

‘ಆಘಾತ’ ತಪ್ಪಲ್ಲ, ಅರ್ಧ. ಹೃದಯಾಘಾತ, ವಿದ್ಯುದಾಘಾತ ಎನ್ನುವಾಗ ಅದು ಒಂದು ಕ್ಷಣದ ಹೊಡೆತ. ಗ್ರೀಕಿನಲ್ಲಿ ಟ್ರಾಮಾ ಎಂದರೆ ಗಾಯ, ಹೊಡೆತ ಮುಗಿದ ಮೇಲೂ ಮೈಯಲ್ಲಿ ಉಳಿಯುವಂಥದ್ದು. ಅದಕ್ಕೆ ನಮ್ಮಲ್ಲಿ ‘ಘಾಸಿ’ ಇದೆ. ಆ ರಾತ್ರಿಯದು ಆಘಾತ, ಇವತ್ತಿಗೂ ಇರುವುದು ಘಾಸಿ. ಎರಡನ್ನೂ ಹೀಗೆ ಹಂಚಿಕೊಳ್ಳಿ. ಈ ಘಾಸಿ ಕಾಯಿಲೆಯಾಗಿ ಉಳಿದಾಗ ವೈದ್ಯರ ಬಾಯಲ್ಲಿ ಅದು ಪಿಟಿಎಸ್‌ಡಿ ಎಂದೇ ಇರಲಿ. ‘ಆಘಾತೋತ್ತರ ಒತ್ತಡ ವಿಕಾರ’ ಎಂದು ಕ್ಲಿನಿಕ್ಕಿನಲ್ಲಿ ಕೂತು ಯಾರೂ ಆಡುವುದಿಲ್ಲ. ಪಿಟಿಎಸ್‌ಡಿ ಎಂಬ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ. ಈಗಿನ ಮಾನದಂಡದಲ್ಲಿ ಲಕ್ಷಣಗಳು ಒಂದು ತಿಂಗಳಿಗೂ ಮೀರಿ ಉಳಿದಿರಬೇಕು. ಆದ್ದರಿಂದ ಅವಳು ತಪ್ಪಿಸಿಕೊಂಡು ಬಂದ ವಾರದೊಳಗೇ ವೈದ್ಯರು ಆ ಕಾಯಿಲೆಯ ಹೆಸರು ಹೇಳುವ ದೃಶ್ಯವಿದ್ದರೆ ತಿದ್ದಬೇಕು.

ಫ್ಲ್ಯಾಶ್‌ಬ್ಯಾಕ್ ನಮಗೆ ಸಿನಿಮಾದ ಪದ: ಹಳೆಯ ಕಥೆ ಹೇಳುವುದು. ನೊಂದವರ ಅನುಭವ ಹಾಗಲ್ಲ. ಆಗಿದ್ದು ಈಗಲೇ ಆಗುತ್ತಿದೆ ಎಂದು ಮೈ ನಂಬಿಬಿಡುತ್ತದೆ. ‘ಹಿನ್ನೋಟ’ದಲ್ಲಿ ನೋಡುವವರು ದೂರ ನಿಂತಿರುತ್ತಾರೆ, ಅದಕ್ಕೇ ಹೊಂದುವುದಿಲ್ಲ. ಜ್ವರ ‘ಮರುಕಳಿಸುವ’ ಹಾಗೆ ಆ ರಾತ್ರಿ ಮರುಕಳಿಸಿತು ಎನ್ನಿ, ಮತ್ತು ಆ ಪ್ಯಾರಾದಲ್ಲಿ ಭೂತಕಾಲ ಬಿಟ್ಟು ವರ್ತಮಾನಕ್ಕೆ ಬನ್ನಿ.

ಆಡುಮಾತಿನಲ್ಲಿ ನಮಗೆ ಸಿರಿತನವಿರುವುದು ಮೈಯ ಪದಗಳಲ್ಲಿ. ‘ದಿಗ್ಲು ಬಿದ್ದವ್ಳೆ’ ಎಂದರೆ ಭಯ ಒಳಗೆ ನೆಲೆ ನಿಂತಿದೆ ಎಂದರ್ಥ. ಅಲುಗಾಡದೆ ನಿಂತುಬಿಡುವುದಕ್ಕೆ ‘ಗರ ಬಡಿದಂಗೆ’. ಭಾವನೆ ಸತ್ತಂತಿರುವುದಕ್ಕೆ ‘ಮರಗಟ್ಟು’. ‘ಮೈಮರೆತಳು’ ಎಂದು ಮಾತ್ರ ಎಲ್ಲೂ ಹಾಕಬೇಡಿ, ಅದು ಸುಖದ ಪದ. ಎಲ್ಲಕ್ಕಿಂತ ಇಷ್ಟವಾದದ್ದು ‘ಜೋಮು’. ಕಾಲು ಜೋಮು ಹಿಡಿದಾಗ ಏನೂ ಗೊತ್ತಾಗುವುದಿಲ್ಲ. ಬಿಡುವಾಗಲೇ ಸೂಜಿ ಚುಚ್ಚಿದಂತಾಗುವುದು. ಮರಗಟ್ಟಿದ ಮನಸ್ಸಿಗೆ ಪ್ರೀತಿ ತಾಗಿದಾಗ ಮೊದಲು ನೋವೇ ಯಾಕೆ ಬರುತ್ತದೆ, ಅವಳು ಯಾಕೆ ಕೈ ಕೊಡವಿಕೊಂಡು ಹೋಗುತ್ತಾಳೆ ಎಂಬುದನ್ನು ಪುಟಗಟ್ಟಲೆ ವಿವರಿಸುವ ಬದಲು ಆ ಒಂದು ಪದ ಸಾಕು.

ಕೊನೆಗೆ ‘ಸಮ್ಮತಿ’. ಅದರ ಬೆನ್ನಿಗೆ ‘ಮೌನಂ ಸಮ್ಮತಿ ಲಕ್ಷಣಂ’ ಅಂಟಿಕೊಂಡಿದೆ. ಗರ ಬಡಿದಂತೆ ನಿಂತವಳ ಮೌನವನ್ನು ಹಾಗೆ ಓದುವುದು ಈ ಬಗೆಯ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು. ಕಾನೂನೂ ಒಪ್ಪುವುದಿಲ್ಲ: ಹಳೆಯ ಭಾರತೀಯ ದಂಡ ಸಂಹಿತೆಗೆ 2013ರ ತಿದ್ದುಪಡಿಯಲ್ಲಿ ಬಂದು ಈಗ ನ್ಯಾಯ ಸಂಹಿತೆಯ 63ನೇ ಕಲಮಿನಲ್ಲಿ ಇರುವ ವಿವರಣೆಯಂತೆ, ಮಾತಿನಿಂದಲೋ ಸನ್ನೆಯಿಂದಲೋ ಸ್ವಇಚ್ಛೆಯಿಂದ ಸ್ಪಷ್ಟವಾಗಿ ತಿಳಿಸಿದ್ದೇ ಒಪ್ಪಿಗೆ, ಮೈಯಿಂದ ಎದುರಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿದಳು ಎನ್ನುವಂತಿಲ್ಲ. ‘ಒಪ್ಪಿಗೆ’ ಎಂದೇ ಬರೆಯಿರಿ. ಸಂಭಾಷಣೆಯಲ್ಲಿ ಅದೂ ಬೇಡ. ‘ಕೈ ಇಡ್ಕಳ್ಳಾ?’ ಎಂದು ಅವನು ಕೇಳಲಿ, ಕೇಳಿ ಕಾಯಲಿ. ಅವಳ ಉತ್ತರ ‘ಹ್ಞೂಂ’, ‘ಊಹ್ಞೂಂ’ ಎಂದಿದ್ದರೆ ಅಚ್ಚಿನಲ್ಲಿ ಒಂದಕ್ಕೊಂದು ಕಲಸಿಹೋಗುತ್ತದೆ; ‘ಇಡ್ಕೋ’, ‘ಬ್ಯಾಡ’ ಎಂದು ಪೂರ್ತಿ ಪದವನ್ನೇ ಕೊಡಿ.

ಮತ್ತೊಂದು ಉತ್ತರ, ಮೈಸೂರಿನಿಂದ:

ಮೇಲಿನದಕ್ಕೆ ಒಂದು ಸೇರ್ಪಡೆ. ‘ಹೀಲಿಂಗ್’ಗೆ ಕರಡಿನಲ್ಲಿ ‘ಗುಣವಾದಳು’ ಎಂದಿದ್ದರೆ ಬೇಡ, ಪ್ರೀತಿಯೇ ಔಷಧ ಎಂದಂತಾಗುತ್ತದೆ. ‘ಮಾಯು’ ಬಳಸಿ: ಗಾಯ ಮಾಯುತ್ತಿದೆ. ಅದು ಒಳಗಿನಿಂದ, ನಿಧಾನವಾಗಿ ಆಗುವ ಕೆಲಸ, ಕಲೆ ಉಳಿಯುತ್ತದೆ. ಕರಡು ತಿದ್ದುವವರು ಇದನ್ನು ‘ಮಾಯವಾಗುತ್ತಿದೆ’ ಎಂದು ಬದಲಿಸಿಬಿಡುವುದುಂಟು. ಅರ್ಥವೇ ತಿರುಗಿಹೋಗುತ್ತದೆ, ಅಚ್ಚಿಗೆ ಕೊಡುವ ಮುನ್ನ ಆ ಪದವೊಂದನ್ನು ಹುಡುಕಿ ನೋಡಿಕೊಳ್ಳಿ.