ಹೈರಾಕ್ರಸಿ: ಅರ್ಥವೇನು, ಮೂಲ ಎಲ್ಲಿಯದು?

ಕಲ್ಸಂಕ: ಅನುವಾದವೊಂದರಲ್ಲಿ ‘ಹೈರಾಕ್ರಸಿ’ ಬಂದಿದೆ. ಇದೂ ಥಿಯಾಕ್ರಸಿಯೂ ಒಂದೆಯಾ? ಉಡುಪಿಯ ಪರ್ಯಾಯಕ್ಕೆ ಹೊಂದುತ್ತದಾ?

ಪದಕೋಶ: ಒಂದೇ ಅಲ್ಲ. ಎರಡೂ ಗ್ರೀಕ್ ಮೂಲದವು: ‘ಹಿಯೆರೋಸ್’ ಪವಿತ್ರ, ‘ಥಿಯೋಸ್’ ದೇವರು, ‘ಕ್ರಾಟೋಸ್’ ಅಧಿಕಾರ. ಥಿಯಾಕ್ರಸಿಯಲ್ಲಿ ದೇವರೇ ದೊರೆ. ಮೋಸೆಸ್ ಕೊಟ್ಟ ವ್ಯವಸ್ಥೆಯನ್ನು ವಿವರಿಸಲು 1ನೇ ಶತಮಾನದ ಯಹೂದಿ ಇತಿಹಾಸಕಾರ ಜೊಸೀಫಸ್ ಬಳಸಿದ ಪದ ಅದು. ಹೈರಾಕ್ರಸಿಯಲ್ಲಿ ಆಳುವವರು ಪುರೋಹಿತರು, ಧರ್ಮಗುರುಗಳು. 1870ರವರೆಗೆ ರೋಮ್ ಪೋಪರ ಆಳ್ವಿಕೆಯಲ್ಲಿದ್ದದ್ದು ಇದಕ್ಕೆ ಒಳ್ಳೆಯ ಉದಾಹರಣೆ. ಹಾಗಾಗಿ ‘ದೇವಪ್ರಭುತ್ವ’, ‘ಪುರೋಹಿತಪ್ರಭುತ್ವ’ ಅಂತ ಬೇರೆ ಬೇರೆಯೇ ಬರೆಯಿರಿ. ಎರಡಕ್ಕೂ ‘ಧರ್ಮಪ್ರಭುತ್ವ’ ಹಾಕಿದರೆ ಆಳುವವರು ಯಾರೆಂಬುದೇ ಅಳಿಸಿಹೋಗುತ್ತದೆ.

ರಥಬೀದಿ: ಪರ್ಯಾಯಕ್ಕೆ ದಯವಿಟ್ಟು ಬೇಡ. ಅಲ್ಲಿ ಸರದಿಯಲ್ಲಿ ಸಿಗುವುದು ಕೃಷ್ಣಮಠದ ಪೂಜೆ, ಆಡಳಿತ, ಅನ್ನದಾನದ ಹೊಣೆ, ರಾಜ್ಯಭಾರವಲ್ಲ. ಅದಕ್ಕೇ ಹಸ್ತಾಂತರವಾಗುವುದು ಅಕ್ಷಯಪಾತ್ರೆ, ಸಟ್ಟುಗ, ಕೀಲಿಕೈ. ಅಷ್ಟಮಠಗಳಿಗೆ ತಲಾ 2 ವರ್ಷ, ಒಂದು ಸುತ್ತಿಗೆ 16. ವಾದಿರಾಜರು ಬದಲಿಸುವ ಮೊದಲು ಅವಧಿ 2 ತಿಂಗಳಷ್ಟೇ ಇತ್ತು. ಸಂಸ್ಕೃತದಲ್ಲೂ ‘ಪರಿ’ ಜೊತೆ ‘ಆಯ’, ಅಂದರೆ ಸುತ್ತಿ ಬರುವುದು. ಆಳುವ ಅರ್ಥ ಎಲ್ಲೂ ಇಲ್ಲ.

ಕಲ್ಸಂಕ: ಹೈರಾರ್ಕಿ?

ಪದಕೋಶ: ಮೊದಲ ಭಾಗ ಅದೇ ‘ಹಿಯೆರೋಸ್’. ಆದರೆ ಈಗಿನ ಬಳಕೆಯಲ್ಲಿ ಅದು ಬರೀ ಶ್ರೇಣಿ. ಹೈರಾಕ್ರಸಿಗೆ ‘ಶ್ರೇಣಿವ್ಯವಸ್ಥೆ’ ಅಂತ ಬರೆಯಬೇಡಿ.