ಮುಲ್ಲರ್-ಲೈಯರ್ ಪ್ರಾಕ್ಟಿಕಲ್: ರೀಡಿಂಗ್ ಏಕೆ ಹೊಂದುತ್ತಿಲ್ಲ?

ಪ್ರಶ್ನೆ: ಬಿ.ಎ. ಸೈಕಾಲಜಿ ಲ್ಯಾಬ್. ಮುಲ್ಲರ್-ಲೈಯರ್ ಅಂದರೆ ತುದಿಯ ರೆಕ್ಕೆಗಳ ದಿಕ್ಕಿನಿಂದ ಸಮ ಗೆರೆಗಳೂ ಉದ್ದ-ಗಿಡ್ಡ ಕಾಣುವ ಭ್ರಮೆ; ಬೋರ್ಡಿನ ಒಂದು ಗೆರೆಯನ್ನು ಸರಿಸಿ ಇನ್ನೊಂದಕ್ಕೆ ಸಮ ಮಾಡಬೇಕು. ಸಬ್ಜೆಕ್ಟ್ (ಗೆರೆ ಹೊಂದಿಸುವವರು) ಒಬ್ಬರೇ, ಬೋರ್ಡೂ ಒಂದೇ. ಆದರೂ ಪ್ರತಿ ಸಲ ಬೇರೆ ಅಂಕಿ. ಎಲ್ಲಿ ತಪ್ಪುತ್ತಿದೆ?

ಉತ್ತರ 1: ಅಂಕಿ ಬದಲಾಗುವುದು ತಪ್ಪಲ್ಲ, ಸರಾಸರಿ ತೆಗೆಯುವುದೇ ಅದಕ್ಕೆ. ಟ್ರಯಲ್ ಹಂಚಿಕೆ ನೋಡಿ. 40 ಟ್ರಯಲ್ ಇದ್ದರೆ ಬದಲಾಗುವ ಗೆರೆ 20ರಲ್ಲಿ ಬಲಕ್ಕೆ, 20ರಲ್ಲಿ ಎಡಕ್ಕೆ. ಎರಡರಲ್ಲೂ 10 ಸಲ ಉದ್ದದಿಂದ ಒಳಕ್ಕೆ, 10 ಸಲ ಗಿಡ್ಡದಿಂದ ಹೊರಕ್ಕೆ. ಇಲ್ಲದಿದ್ದರೆ ಸ್ಥಾನದ ದೋಷ, ಚಲನೆಯ ದೋಷ ಎರಡೂ ಭ್ರಮೆಯ ಲೆಕ್ಕಕ್ಕೇ ಸೇರಿಬಿಡುತ್ತವೆ.

ಉತ್ತರ 2: ಶುರುವಿನ ಜಾಗವನ್ನೂ ಬದಲಿಸುತ್ತಿರಿ, ಇಲ್ಲವಾದರೆ ಸಬ್ಜೆಕ್ಟ್ ಕಣ್ಣಳತೆ ಬಿಟ್ಟು ಕೈ ಅಂದಾಜಿನಲ್ಲೇ ನಿಲ್ಲಿಸುತ್ತಾರೆ. ಸ್ಕೇಲ್ ಅವರಿಗೆ ಕಾಣಬಾರದು. ‘ಹತ್ತಿರ ಬಂತು’ ಅನ್ನಲೇಬೇಡಿ.

ಪ್ರಶ್ನೆ: ಸರಾಸರಿ ಸ್ಟ್ಯಾಂಡರ್ಡ್‌ಗಿಂತ (ಉದ್ದ ಬದಲಾಗದ ಗೆರೆಗಿಂತ) ಕಡಿಮೆ ಬಂದಿದೆಯಲ್ಲ?

ಉತ್ತರ 1: ರೆಕ್ಕೆ ಹೊರಕ್ಕೆ ಚಾಚಿದ ಗೆರೆ ಹೊಂದಿಸಿದ್ದರೆ ಹಾಗೇ ಬರಬೇಕು. ಅದು ಉದ್ದವಾಗಿ ಕಾಣುವುದರಿಂದ ಗಿಡ್ಡದಲ್ಲೇ ನಿಲ್ಲಿಸುತ್ತಾರೆ. ಸರಾಸರಿಯಿಂದ ಸ್ಟ್ಯಾಂಡರ್ಡ್ ಕಳೆದಾಗ ಬರುವ ಮೈನಸ್ ಚಿಹ್ನೆ ಅಳಿಸಬೇಡಿ.